ಎಲೆ ಅಡಿಕೆ ಇಸ್ಕೊಂಡ ಕ್ಯಾಡಿ

ಮೊದಲು ಗೆದ್ದವರ ಹೆಸರು ಹೇಳಿಬಿಡೋಣ. ಊರ್ಡಿಗೆರೆ ಬಳಿಯ ಗಾಲ್ಫ್ ಟೂರ್ನಿಯಲ್ಲಿ ಹೋದ ವರ್ಷ ಗೆದ್ದದ್ದು ಬೋಪಯ್ಯ, ಅದರ ಹಿಂದಿನ ವರ್ಷ ಶೆಣೈ. ಇಬ್ಬರ ಬ್ಯಾಗನ್ನೂ ಹೊತ್ತು, ಚೆಂಡು ಯಾವ ಕಡೆ ಉರುಳುತ್ತದೆಂದು ಹೇಳಿಕೊಟ್ಟ ಕ್ಯಾಡಿ ಮಾತ್ರ ಒಬ್ಬನೇ, ತಿಪ್ಪಯ್ಯ. ಈ ಗುರುವಾರ ಶುರುವಾಗುವ ಟೂರ್ನಿಯಲ್ಲೂ ಗೆದ್ದರೆ ಸತತ ಮೂರು. ಅಲ್ಲಿ ಯಾವ ಕ್ಯಾಡಿಗೂ ಅದು ಆಗಿಲ್ಲ.

ಮೊನ್ನೆ ಬೆಳಿಗ್ಗೆ ಬೋಪಯ್ಯನೇ ಫೋನ್ ಮಾಡಿ ಮತ್ತೆ ಕರೆದ. ತಿಪ್ಪಯ್ಯ, "ಆಗಲ್ಲ ಸಾರ್, ಗುಬ್ಬಿ ಸಂಗಮೇಶಂಗೆ ಒಪ್ಕೊಂಡಿದೀನಿ" ಎಂದ.

ಪಕ್ಕದಲ್ಲಿದ್ದ ಇನ್ನೊಬ್ಬ ಕ್ಯಾಡಿ ಗಂಗಾಧರ ಹಣೆ ಚಚ್ಚಿಕೊಂಡ. "ಏನ್ಲಾ, ತಲೆಗಿಲೆ ಕೆಟ್ಟೈತಾ? ಅವ್ನು ಇದೇ ಮೊದ್ಲು ಆಡ್ತಿರೋದು ಕಣ್ಲಾ! ಎರಡೇ ದಿನಕ್ಕೆ ಮನೆಗೋಯ್ತಾನೆ."

"ಓಗ್ಲಿ ಬುಡು. ಅವರವ್ವ ತಟ್ಟೇಲಿ ಎಲೆ ಅಡಿಕೆ ಇಟ್ಟು ಕೊಟ್ರು, ಎರಡೂ ಕೈಲಿ ಇಸ್ಕೊಂಡೆ. ಇಸ್ಕೊಂಡ್ ಮ್ಯಾಲೆ ಮುಗೀತು."

ಹಾಗಂತ ಗೆಲ್ಲುವ ಆಸೆ ಬಿಟ್ಟಿಲ್ಲ. ಆ ಸಂಜೆಯೇ ಸಂಗಮೇಶನನ್ನು ಬರಿಗಾಲಲ್ಲಿ ಹದಿನೆಂಟೂ ಗುಳಿಗಳ ಸುತ್ತ ನಡೆಸಿ, ಹುಲ್ಲಿನ ಇಳಿಜಾರು ಪಾದಕ್ಕೇ ತಿಳಿಯುವಂತೆ ಮಾಡಿದ. ಗುರುವಾರ ನೀವೂ ಹೋಗಿ. ಆಟಗಾರರ ಜೊತೆ ಫೋಟೋ ಆಮೇಲಾಗಲಿ, ಮೊದಲು ತಿಪ್ಪಯ್ಯನನ್ನು ಮಾತಾಡಿಸಿ.