ಬಸವನಹುಳು ಮತ್ತು ಹದಿನೇಳು ಆಡು

ಇಲಾಖೆ ಶಾಲೆಗಳಿಗೆ ಮೊದಲೇ ಕೊಟ್ಟಿದ್ದ ಲೆಕ್ಕದ ಒಗಟುಗಳು ಹನ್ನೆರಡು. ಮಕ್ಕಳು ಸ್ವತಃ ಯೋಚಿಸಲಿ ಎಂದು ಅವನ್ನು ಮಾಡಿದ್ದರಂತೆ. ಕಾರವಾರದಿಂದ ತಪಾಸಣೆಗೆ ಹೋಗಿದ್ದ ನಾನು ಅಂಕೋಲೆಯ ಹತ್ತಿರದ ಒಂದು ಹಳ್ಳಿಶಾಲೆಯಲ್ಲಿ ಎರಡನೆಯದನ್ನೇ ಮೊದಲು ಕೇಳಿದೆ. ಹತ್ತು ಮೊಳ ಆಳದ ಬಾವಿಯಲ್ಲಿ ಬಸವನಹುಳು ಹಗಲು ಮೂರು ಮೊಳ ಹತ್ತಿ ರಾತ್ರಿ ಎರಡು ಮೊಳ ಜಾರಿದರೆ, ಮೇಲೆ ಬರಲು ಎಷ್ಟು ದಿನ?

"ಹದಿನೇಳು ಆಡು!" ಎಂದು ನಾಲ್ಕನೇ ಇಯತ್ತೆಯ ಮಕ್ಕಳೆಲ್ಲ ಕೂಗಿದರು. ಅದು ಮೊದಲನೆಯ ಒಗಟಿನ ಉತ್ತರ.

ಮಾಸ್ತರರ ಮುಖ ಬಿಳಿಚಿತು. ಈ ಸಲವೂ ಫಲ ಕೆಟ್ಟರೆ ಶಾಲೆ ಮುಚ್ಚಬೇಕೆಂದು ಹುಕುಂ ಬಂದಿತ್ತು.

ಸುಕ್ರಿ ಎಂಬ ಹುಡುಗಿಯೊಬ್ಬಳು ಮಾತ್ರ ಎದ್ದು, "ಎಂಟು ದಿವ್ಸ" ಎಂದಳು. ನನಗೆ ಹೋದ ಜೀವ ಬಂತು. ಹೇಗೆ ಲೆಕ್ಕ ಹಾಕಿದೆ ಎಂದು ಕೇಳಿದೆ.

"ಲೆಕ್ಕ ಎಂಥಕ್ಕೆ ಒಡ್ಯಾ? ಹುಳದ್ದು ಎರಡನೇ ಉತ್ತರ ಅಲ್ದಾ?"

"ದಮ್ಮಯ್ಯ ಸಾಹೇಬ್ರೇ, ಒಂದನೇದ್ರಿಂದ ಕೇಳಿ," ಎಂದು ಮಾಸ್ತರರು ಕೈ ಮುಗಿದರು.

ಕೇಳಿದೆ. ಹನ್ನೆರಡಕ್ಕೆ ಹನ್ನೆರಡೂ ಸರಿ. ವರದಿಯಲ್ಲಿ "ಯೋಚನಾಶಕ್ತಿ ಉತ್ತಮ" ಎಂದು ಬರೆದೆ, ಶಾಲೆ ಉಳಿಯಿತು.

ಹೊರಡುವಾಗ ಮಾಸ್ತರರು, "ಬರೋ ವರ್ಷ ಈ ಒಗಟುಗಳ ಕ್ರಮ ಬದಲಾಗ್ತದ್ಯೇ?" ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದು ಮಾತು ಕೊಟ್ಟೆ. ಇಲಾಖೆಯ ಪರವಾಗಿ ನಾನು ಧೈರ್ಯದಿಂದ ಕೊಡಬಹುದಾದ ಮಾತು ಅದೊಂದೇ.