ಪದ್ಮಕ್ಕನ ಬಸ್ಸಿನ ಕಟ್ಟಳೆ

ಒಂದೇ ಕಿಟಕಿಗೆ ಎರಡು ದಿನ ಅಂಟಿಕೊಂಡು ಕೂತವರನ್ನು ಕಂಡರೆ ಪದ್ಮಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗ್ಗೆ ಟೂರಿನ ಬಸ್ಸು ಹೊರಡುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿ ನಿಂತು ಕೂಗು ಹಾಕುತ್ತಿದ್ದರು: "ಏಳಿ, ಏಳಿ! ಕಿಟಕಿಯವರು ಹಿಂದಿನ ಸಾಲಿನ ಈಚೆ ಸೀಟಿಗೆ, ಈಚೆಯವರು ಕಿಟಕಿಗೆ. ಗಂಡ ಹೆಂಡ್ತಿ ಒಟ್ಟಿಗೇ ಕೂರ್ಬೇಕಂತ ಎಂತ ಉಂಟು? ಮನೇಲಿ ಮುಖ ನೋಡಿದ್ದು ಸಾಕಾಗ್ಲಿಲ್ವಾ?" ಹೀಗಾಗಿ ದಿನ ಬೆಳಗಾದರೆ ಪಕ್ಕದಲ್ಲಿ ಹೊಸ ಮುಖ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಪದ್ಮಕ್ಕ ಉಡುಪಿ ಕಡೆಯವರು. ಕೆಲಸದಿಂದ ರಿಟೈರ್ ಆದಮೇಲೆ ಬಸ್ಸು ಗೊತ್ತುಮಾಡಿ, ಅಡುಗೆಯವರನ್ನೂ ಪಾತ್ರೆಪಡಗವನ್ನೂ ಹೇರಿಕೊಂಡು, ಇಲ್ಲಿನ ಕನ್ನಡದವರನ್ನು ಹಂಪಿ, ಬಾದಾಮಿ, ಜೋಗ ಎಂದು ಸುತ್ತಿಸುತ್ತಿದ್ದರು. ಮೈಸೂರಿನಿಂದ ಈ ಮರಾಠಿ ಊರಿಗೆ ಬಂದ ಹೊಸದರಲ್ಲಿ ಮಾತಿಗೊಬ್ಬರಿಲ್ಲದೆ ಒದ್ದಾಡುತ್ತಿದ್ದ ನನಗೆ ಸಿಕ್ಕ ಗೆಳತಿಯರೆಲ್ಲ ಆ ಬಸ್ಸಿನವರೇ. ಸೀಟಿನ ಕಟ್ಟಳೆಯನ್ನು ಪದ್ಮಕ್ಕ ಕಲಿತದ್ದು ಕೆಲಸಕ್ಕೆ ಓಡಾಡುತ್ತಿದ್ದ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ. ಅಲ್ಲಿ ಅವರ ಗುಂಪಿನಲ್ಲಿ, ಕೂತು ಬಂದವರು ಅರ್ಧ ದಾರಿಯಲ್ಲಿ ಎದ್ದು, ನಿಂತವರಿಗೆ ಜಾಗ ಕೊಡಬೇಕಿತ್ತು. "ಜಾಗ ಯಾರಪ್ಪಂದೂ ಅಲ್ಲ ಮಾರಾಯ್ತಿ," ಎನ್ನುತ್ತಿದ್ದರು.

ಒಮ್ಮೆ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಾರ್ಖಾನೆ ಇಟ್ಟಿದ್ದ ಧಾರವಾಡದ ಸಾಹೇಬರೊಬ್ಬರು, ಬೆನ್ನುನೋವು, ಮುಂದಿನ ಸೀಟು ಬಿಡುವುದೇ ಇಲ್ಲ ಎಂದು ಪಟ್ಟು ಹಿಡಿದರು. "ಬೆನ್ನು ನಿಮ್ಮದು ಸಾರ್, ಬಸ್ಸು ಎಲ್ಲರದು. ದಿಂಬು ಕೊಡ್ತೇನೆ, ಏಳಿ!" ಗೊಣಗುತ್ತಾ ಎದ್ದ ಮನುಷ್ಯ ಸಂಜೆಯ ಹೊತ್ತಿಗೆ ಉಲ್ಹಾಸನಗರದ ಬಟ್ಟೆ ವ್ಯಾಪಾರಿಯ ಜೊತೆ ಇಸ್ಪೀಟಿನಲ್ಲಿ ಮುಳುಗಿದ್ದರು. ಮರುದಿನ ಬೆಳಗ್ಗೆ, "ಪದ್ಮಕ್ಕಾ, ಇವತ್ತೊಂದ ದಿನ ನಮ್ಮಿಬ್ಬರನ್ನ ಬಿಡ್ರೀ," ಎಂದು ಅವರೇ ಗೋಗರೆದರು. ಬಿಟ್ಟರೇ? ಊಹೂಂ.

ಕೊರೋನಾ ಬಂದು ಹೋಯಿತು. ಜನಕ್ಕೆ ತಿರುಗುವ ಹುಚ್ಚು ಮೊದಲಿಗಿಂತ ಹೆಚ್ಚೇ ಆಯಿತು, ಆದರೆ ಜೊತೆಗೆ ಬೇರೆಯವರು ಬೇಡ. ಶನಿವಾರ ಬಂತೆಂದರೆ ಅವರವರ ಕಾರು, ಕರ್ಜತ್ ಕಡೆ ಬಾಡಿಗೆಗೊಂದು ಬಂಗಲೆ, ಒಂದು ಮನೆಗೆ ಒಂದು ಈಜುಕೊಳ. ನಾವೂ ಹೋದೆವು. ಸುಳ್ಳು ಯಾಕೆ ಹೇಳಲಿ, ಹಾಯಾಗಿಯೇ ಇತ್ತು. ಇತ್ತ ಪದ್ಮಕ್ಕನಿಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: "ಪಕ್ಕದಲ್ಲಿ ಯಾರೂ ಕೂರಲ್ಲ ತಾನೆ?" ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದವರು ತಟ್ಟನೆ ಕೇಳಿದರು: "ಬಸ್ಸೇ ಹೊರಡದಿದ್ರೆ ನಾನು ಯಾರು ಮಾರಾಯ್ತಿ?"

ಕೊನೆಗೆ ಹೇಗೋ ಬಾದಾಮಿಗೆ ಒಂದು ಬಸ್ಸು ಹೊರಡಿಸಿದರು. ಅದಕ್ಕಾಗಿ ಬಿಟ್ಟುಕೊಟ್ಟದ್ದು ತಮ್ಮ ಕಟ್ಟಳೆಯನ್ನೇ. ಯಾರ ಸೀಟು ಅವರಿಗೇ, ಪಕ್ಕದ್ದು ಖಾಲಿ, ಊಟ ಡಬ್ಬಿಯಲ್ಲಿ. ಪುಣೆ ದಾಟಿದರೂ ಬಸ್ಸಿನಲ್ಲಿ ಒಂದು ನಗುವಿಲ್ಲ, ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಎರಡನೇ ದಿನ ಬೆಳಗ್ಗೆ ಪದ್ಮಕ್ಕ ಬಾಗಿಲಲ್ಲಿ ನಿಂತರು, ಸೆರಗು ಸಿಕ್ಕಿಸಿದರು, ಬಾಯಿ ತೆರೆದರು. ಯಾರೂ ತಲೆ ಎತ್ತಲಿಲ್ಲ. ಸುಮ್ಮನೆ ಹೋಗಿ ಡ್ರೈವರ್ ಹಿಂದೆ ಕೂತರು.

ಡೊಂಬಿವಲಿಗೆ ಮರಳಿದಾಗ ಹೇಳಿದ್ದು ಇಷ್ಟೇ: "ಎಲ್ಲರನ್ನೂ ಅವರವರ ಮನೆ ಸಮೇತ ಹೊತ್ಕೊಂಡು ಹೋಗಿ ಬಂದ ಹಾಗಾಯ್ತು. ಇನ್ನು ಸಾಕು." ಆಮೇಲೆ ಖಾರ್ಘರ್‌ನಲ್ಲಿರುವ ಮಗಳ ಮನೆಗೆ ಹೋಗಿಬಿಟ್ಟರು.

ಮಗಳು ಬಂಗಲೆ, ರೆಸಾರ್ಟು ಎಂದು ಎಷ್ಟು ಕರೆದರೂ ಜಪ್ಪಯ್ಯ ಅನ್ನಲಿಲ್ಲವಂತೆ. ನಾನು ನೋಡಲು ಹೋದ ದಿನ ಆಕೆ ದಿಲ್ಲಿಗೆ ವಿಮಾನದ ಟಿಕೆಟ್ ಮಾಡಿ ಪೇಚಾಡುತ್ತಿದ್ದಳು. ಮನೆಯವರಿಗೆಲ್ಲ ಒಂದು ಕಡೆ ಸೀಟು, ಅಮ್ಮನಿಗೆ ಮಾತ್ರ ಎಲ್ಲೋ ಹಿಂದೆ.

"ನನ್ನ ಪಕ್ಕ ಯಾರು ಕೂರ್ತಾರಂತ ಈಗಲೇ ಗೊತ್ತಾಗ್ತದಾ?" ಎಂದು ಪದ್ಮಕ್ಕ ನನ್ನನ್ನು ಕೇಳಿದರು.

"ಇಲ್ಲ ಪದ್ಮಕ್ಕ, ಹತ್ತಿದ ಮೇಲೇ ಗೊತ್ತಾಗೋದು."

"ಹಾಗಾದ್ರೆ ಹೋಗ್ತೇನೆ," ಎಂದವರು ಮಗಳ ಕಡೆ ತಿರುಗಿ, "ಸೀಟು ಬದಲಿಸಿದ್ರೆ ನೋಡು!" ಎಂದರು. ಎಷ್ಟೋ ದಿನಗಳ ಮೇಲೆ ಮುಖದಲ್ಲಿ ಹಳೆಯ ಗತ್ತು ಕಂಡು ನನಗೆ ಹಿಗ್ಗಾಯಿತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ದಿಲ್ಲಿಯಿಂದ ಬಂದ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಯಾರಿಗೂ ಪರಿಚಯವಿಲ್ಲದ ಹುಡುಗಿಯೊಬ್ಬಳು ಬಂದಿದ್ದಳು. ಡೊಂಬಿವಲಿ ಪಕ್ಕದ ಕಲ್ಯಾಣದವಳು. ಯಾರಮ್ಮಾ ನೀನು ಎಂದು ಮಗಳು ಕೇಳಿದರೆ, ಹಿಂದಿಯಲ್ಲಿ ಮೆಲ್ಲಗೆ, "ವಿಮಾನದಲ್ಲಿ ಆಂಟಿಯ ಪಕ್ಕ ಕೂತಿದ್ದೆ," ಎಂದಳು. "ಆಮೇಲೂ ಫೋನ್ ಮಾಡ್ತಿದ್ರು, ಊಟ ಆಯ್ತಾ ಅಂತ ಕೇಳೋರು. ಇತ್ತೀಚೆಗೆ ಫೋನ್ ಬರಲಿಲ್ಲ ಅಂತ ನಾನೇ ಮಾಡಿದೆ. ನೀವು ಎತ್ತಿದಿರಿ."

ಎಲೆ ಹಾಕಿದರು. ನಾವೆಲ್ಲ ನಮ್ಮನಮ್ಮ ಮನೆಯವರ ಜೊತೆ ಕೂತೆವು. ಆ ಹುಡುಗಿ ಕೊನೆಯ ಸಾಲಿನಲ್ಲಿ ಒಬ್ಬಳೇ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಗಂಡ, "ಎಲ್ಲಿಗೆ?" ಎನ್ನುವಷ್ಟರಲ್ಲಿ ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಿದ್ದೆ.