ಗೋಡೆಯ ಮೇಲಿನ ಲಕ್ಷ್ಮಮ್ಮ, ಕೊಟ್ಟಿಗೆಯ ಚಿಕ್ಕತಾಯಮ್ಮ

2007ರಲ್ಲಿ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಬಾಡಿಗೆ ಶೆಡ್ಡಿನಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೆ. ಐದೇ ಜನರ ಹೊಸ ಕಂಪನಿ. ಒಂದೆರಡು ಹಸು ಸಾಕಿದವರ ಮನೆಗೆ ಹೊಂದುವ, ಮೇವು ಕತ್ತರಿಸುವ ಯಂತ್ರ ನಮ್ಮ ಮೊದಲ ಉತ್ಪನ್ನ. ಯಂತ್ರವೇನೋ ಸರಳ. ತೊಟ್ಟಿಯಲ್ಲಿಟ್ಟ ಮೇವನ್ನು ಹಲ್ಲುಗಳಿರುವ ಎರಡು ರೋಲರುಗಳು ಕಚ್ಚಿ ಒಳಗೆಳೆಯುತ್ತವೆ, ಹಿಂದೆ ತಿರುಗುವ ಬ್ಲೇಡುಗಳು ಕತ್ತರಿಸುತ್ತವೆ. ಹುಲ್ಲು ಯಾವುದು, ಕೈ ಯಾವುದು ಎಂದು ರೋಲರಿಗೆ ಗೊತ್ತಾಗುವುದಿಲ್ಲ.

ಮಾಲೀಕ ಶ್ರೀಧರ್ ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ 'ಡಿಸೈನ್ ಥಿಂಕಿಂಗ್' ಎಂಬ ಮಾತು ಹೊತ್ತು ತಂದ. ಅವನನ್ನು ಬಹುವಚನದಲ್ಲಿ ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ಆ ವಿಧಾನದಲ್ಲಿ ತಪ್ಪೇನೂ ಇಲ್ಲ. ಬಳಸುವವರ ಬಳಿ ಹೋಗಿ ಅವರು ಕೆಲಸ ಮಾಡುವುದನ್ನು ನೋಡು, ತೊಂದರೆ ತಿಳಿದುಕೋ, ಒಂದು ಮಾದರಿ ಮಾಡಿ ಕೊಡು, ತಪ್ಪು ಕಂಡರೆ ತಿದ್ದು. ಇಷ್ಟೇ. ಅದನ್ನು ಅವನು ಮಾಡಿದ ರೀತಿಗೆ ನನ್ನ ಸಿಟ್ಟು.

ಯಂತ್ರ ಮಾರಬೇಕಿದ್ದದ್ದು ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕಡೆ. ಕಬ್ಬು ಕಡಿಯುವ ಕಾಲಕ್ಕೆ ಅಲ್ಲಿ ದನಗಳಿಗೆ ಹಸಿ ಸೋಗೆಯೇ, ಅಂದರೆ ಕಬ್ಬಿನ ತುದಿಯ ಎಲೆಗಳೇ, ಮೇವು. ನೋಡಲು ಹೋದದ್ದು ಮಾತ್ರ ತಾಂಡವಪುರಕ್ಕೆ, ಶೆಡ್ಡಿಗೆ ಹತ್ತಿರವೆಂದು. ಅಲ್ಲಿ ಕಂಡದ್ದು ರಾಗಿ ಹುಲ್ಲು, ಒಣಗಿದ ಜೋಳದ ಕಡ್ಡಿ. ಒಂದು ಬೆಳಿಗ್ಗೆ ನೋಡಿ, ಟೀ ಕುಡಿದು ಬಂದು, ಕಂಡದ್ದನ್ನು ಬರೆದ ಹಳದಿ ಚೀಟಿಗಳನ್ನು ಶೆಡ್ಡಿನ ಗೋಡೆಗೆ ಅಂಟಿಸಿದ್ದಾಯಿತು. ನಡುವೆ, ನಮ್ಮ ಗಿರಾಕಿ ಹೀಗಿರುತ್ತಾಳೆಂದು ಕಲ್ಪಿಸಿಕೊಂಡ ಒಬ್ಬ ಹೆಂಗಸಿನ ಚಿತ್ರ: 'ಲಕ್ಷ್ಮಮ್ಮ. ಎರಡು ಹಸು. ಸಮಯವಿಲ್ಲ, ಜಾಗವಿಲ್ಲ.' ಆ ಲಕ್ಷ್ಮಮ್ಮ ಯಾವ ಊರಿನಲ್ಲೂ ಇರಲಿಲ್ಲ. ಅವಳಿಗೆ ಜಾಗವಿಲ್ಲವೆಂದು ಶ್ರೀಧರ್ ತೊಟ್ಟಿಯ ಉದ್ದವನ್ನು ಅರ್ಧ ಮಾಡಿಸಿದ. ಕೈ ರೋಲರಿಗೆ ಎಟುಕಬಾರದೆಂದೇ ನಾನದನ್ನು ಉದ್ದ ಇಟ್ಟಿದ್ದೆ. ಒಳಗೆ ಸಿಕ್ಕಿದ್ದನ್ನು ಹಿಂದಕ್ಕೆ ಬಿಡುವ ರಿವರ್ಸ್ ಲಿವರನ್ನೂ ತೆಗೆಸಿದ.

"ಲಿವರ್ ಇಲ್ಲದೆ ಯಾರ ಮನೆಗೂ ಕೊಡಬೇಡಿ ಸರ್," ಎಂದೆ.

"ಮೊದಲನೇ ವರ್ಷನ್‌ಗೆ ಇಷ್ಟು ಸಾಕು ಕಣ್ರೀ. ಎಲ್ಲಾ ಈಗ್ಲೇ ಹಾಕ್ಬಿಟ್ರೆ ಎರಡನೇದ್ರಲ್ಲಿ ಏನ್ ಮಾರ್ತೀರಾ?"

ಹಣ ಹೂಡುವವರು ಮುಂದಿನ ವಾರ ಬರುವವರಿದ್ದರು. ಅಷ್ಟರೊಳಗೆ ಒಂದು ಮನೆಯಲ್ಲಿ ಯಂತ್ರ ಓಡುವ ವಿಡಿಯೊ ಅವನಿಗೆ ಬೇಕಿತ್ತು.

ಬನ್ನೂರಿನ ಬಳಿಯ ಹಳ್ಳಿಯೊಂದರಲ್ಲಿ ಚಿಕ್ಕತಾಯಮ್ಮ ಎಂಬವರ ಕೊಟ್ಟಿಗೆಯಲ್ಲಿ ಯಂತ್ರ ಕೂರಿಸಿದೆವು. ಸ್ವಿಚ್ ಹಿಂಬದಿಯಲ್ಲಿತ್ತು. ಚಿತ್ರದಲ್ಲಿ ಯಂತ್ರ ಅಂದವಾಗಿ ಕಾಣಲೆಂದು ಶ್ರೀಧರ್ ಮೋಟಾರು ಹಾಕಿದವನೇ ಆ ಬದಿಯನ್ನು ಗೋಡೆಗೆ ಒತ್ತರಿಸಿ, ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತ.

"ಏನವ್ವ ಈಟೊಂದ್ ಸದ್ದು, ನಮ್ಮತ್ತೆ ಇದ್ದಂಗದೆ," ಎಂದರು ಚಿಕ್ಕತಾಯಮ್ಮ, ನನ್ನ ಕಡೆ ತಿರುಗಿ.

"ಅತ್ತೆ ಬರೀ ಸದ್ದು ಮಾಡ್ತಿತ್ತು ಕಣಕ್ಕ. ಇದು ಕೆಲ್ಸಾನೂ ಮಾಡ್ತದಂತೆ," ಎಂದಳು ಅವರ ವಾರಗಿತ್ತಿ ಮಾದೇವಿ, ಸೋಗೆ ಸವರುತ್ತಿದ್ದ ಕುಡುಗೋಲು ನಿಲ್ಲಿಸದೆ.

ಆ ಕಡೆಯ ಹೆಂಗಸರು ಸೋಗೆ ಹಿಡಿಯುವ ಕ್ರಮವನ್ನು ನಾನು ನೋಡಿದ್ದು ಅಂದೇ ಮೊದಲು. ಎರಡು ಮೂರು ಎಲೆ ಹೊಸೆದು ಹುರಿ ಮಾಡಿ ಕಟ್ಟು ಬಿಗಿಯುತ್ತಾರೆ. ಹುರಿಯ ಉಳಿದ ತುದಿಯನ್ನು ಮುಂಗೈಗೆ ಸುತ್ತಿಕೊಳ್ಳುತ್ತಾರೆ, ಇಲ್ಲದಿದ್ದರೆ ಹಸಿ ಸೋಗೆ ಜಾರುತ್ತದೆ. ಚಿಕ್ಕತಾಯಮ್ಮ ಹಾಗೆಯೇ, ಹುರಿ ಸುತ್ತಿದ ಕೈಯಲ್ಲಿ ಕಟ್ಟಿನ ತುದಿಯನ್ನು ರೋಲರಿಗೆ ಕೊಟ್ಟರು.

ರೋಲರು ಕಟ್ಟನ್ನು ಎಳೆಯಿತು, ಕಟ್ಟು ಹುರಿಯನ್ನು, ಹುರಿ ಕೈಯನ್ನು. ಅವರು ಕಾಲು ಊರಿ ಹಿಂದಕ್ಕೆ ಜಗ್ಗಿದರು. ಸುತ್ತು ಇನ್ನಷ್ಟು ಬಿಗಿಯಿತು. ನಾನು ಯಂತ್ರದ ಮೇಲೆ ಬಿದ್ದು ಗೋಡೆಯ ಸಂದಿಗೆ ಕೈ ತೂರಿಸಿದೆ. ಸ್ವಿಚ್ ಎಟುಕಲಿಲ್ಲ. ಮಾದೇವಿ ಒಂದೇ ನೆಗೆತಕ್ಕೆ ಬಂದು ಕೈಗೂ ರೋಲರಿಗೂ ನಡುವೆ ಕುಡುಗೋಲು ಹಾಕಿದಳು. ಹುರಿ ಹರಿದು ಚಿಕ್ಕತಾಯಮ್ಮ ಹಿಂದಕ್ಕೆ ಬಿದ್ದರು. ಯಂತ್ರ ಉಳಿದ ಸೋಗೆಯನ್ನು ನುಂಗಿ, ಒಂದೇ ಅಳತೆಯ ಚೂರು ಮಾಡಿ ಆಚೆ ಉದುರಿಸಿತು.

ಕೈ ಉಳಿಯಿತು. ಮುಂಗೈ ಚರ್ಮ ಸುಲಿದಿತ್ತು, ಬಳೆ ಚೂರುಗಳು ಒಳಗೆ ಹೊಕ್ಕಿದ್ದವು, ಎರಡು ಬೆರಳುಗಳ ಉಗುರು ಕಿತ್ತುಹೋಗಿತ್ತು.

"ಹುರಿ ಸುತ್ಕೊಳಿ ಅಂತ ನಾವ್ ಹೇಳಿದ್ವಾ?" ಎಂದ ಶ್ರೀಧರ್.

ಮಾದೇವಿ ಅವನ ಕ್ಯಾಮೆರಾ ನೋಡಿದಳು. "ಕೈ ಓಗಿದ್ರೆ ಫೋಟ ಇನ್ನೂ ಚೆಂದಾಗ್ ಬತ್ತಿತ್ತಾ ಸಾ?"

ಗಾಯಕ್ಕೆ ಹೊಲಿಗೆ ಹಾಕಿಸಿ, ಯಂತ್ರವನ್ನು ಟೆಂಪೊಗೆ ಏರಿಸಿದೆವು. ಅವರ ಜಗಲಿಯಲ್ಲಿದ್ದ ಒಂದು ಕಟ್ಟು ಸೋಗೆಯನ್ನೂ ಕೇಳಿ ಪಡೆದು ಹಾಕಿಕೊಂಡೆ. ಮರುದಿನ ಶೆಡ್ಡಿನಲ್ಲಿ ಶ್ರೀಧರ್ ಪರಿಹಾರ ಹೇಳಿದ. 'ಹುರಿ ಸುತ್ತಬೇಡಿ' ಎಂದು ಸ್ಟಿಕ್ಕರ್ ಅಂಟಿಸಿದರೆ ಸಾಕಂತೆ. ಸಗಣಿ, ಗಂಜಲದ ನಡುವೆ ಅದು ಎಷ್ಟು ದಿನ ಉಳಿಯುತ್ತದೆಂದು ನಾನು ವಾದಿಸಲಿಲ್ಲ. ಮೋಟಾರು ಹಾಕಿ ಕಟ್ಟನ್ನು ಅವನ ಮುಂದಿಟ್ಟೆ.

"ಹುರಿ ಸುತ್ಕೊಂಡು ನೀವೇ ಹಾಕಿ ಸರ್. ಸ್ಟಿಕ್ಕರ್ ನಾನು ಪಕ್ಕದಲ್ಲಿ ನಿಂತು ಓದಿ ಹೇಳ್ತೀನಿ."

"ತಮಾಷೆ ಮಾಡ್ಬೇಡಿ."

"ಹುರಿ ಬೇಡ ಬಿಡಿ. ಬರೀ ಕೈಯಲ್ಲೇ ಹಾಕಿ."

ಅವನ ಎರಡೂ ಕೈ ಪ್ಯಾಂಟಿನ ಜೇಬಿಗೆ ಹೋದವು. ತೊಟ್ಟಿ ಎಷ್ಟು ಗಿಡ್ಡವೆಂದು ಅವನ ಕೈಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಇನ್ನೊಬ್ಬರ ಮನೆಗೆ ಕಳಿಸಿದ್ದ. ನನಗೆ ಇಂದಿಗೂ ಕ್ಷಮಿಸಲಾಗದಿರುವುದು ಅದನ್ನೇ.

ಉಳಿದ ಮೂವರೂ ನನ್ನ ಜೊತೆ ನಿಂತದ್ದರಿಂದ ಉದ್ದನೆಯ ತೊಟ್ಟಿ ಮರಳಿ ಬಂತು, ಲಿವರ್ ಬಂತು, ಸ್ವಿಚ್ ಮುಂದೆ ಬಂತು. ತಿದ್ದಿದ ಯಂತ್ರವನ್ನು ಮೊದಲು ಚಿಕ್ಕತಾಯಮ್ಮನ ಮನೆಗೇ ಒಯ್ದೆ. ಅವರು ಕಾಫಿ ಕೊಟ್ಟರು. ಕೊಟ್ಟಿಗೆಯ ಬಾಗಿಲು ತೆಗೆಯಲಿಲ್ಲ.

"ಬ್ಯಾಡ ಕಣಮ್ಮಣ್ಣಿ. ನೀನ್ ಬತ್ತಿರು. ಅದು ಬ್ಯಾಡ," ಎಂದು ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಕೆಲವು ತಿಂಗಳಲ್ಲಿ ನಾನು ಆ ಕೆಲಸ ಬಿಟ್ಟೆ. ಈಗಲೂ ಬಸ್ಸು ಸೋಗೆ ಗಾಡಿಯ ಹಿಂದೆ ನಿಧಾನವಾದರೆ ನನ್ನ ಬಲಗೈ ಅಲ್ಲಿಲ್ಲದ ಸ್ವಿಚ್ಚಿಗಾಗಿ ತಡಕಾಡುತ್ತದೆ. ಆಮೇಲೆ ಎಷ್ಟೋ ಹೊಸ ಕಂಪನಿಗಳಲ್ಲಿ, ಎಷ್ಟೋ ಗೋಡೆಗಳ ಮುಂದೆ ಕೂತಿದ್ದೇನೆ. ಗೋಡೆಯ ಮೇಲಿನ ಲಕ್ಷ್ಮಮ್ಮನಿಗೆ ನೋವಾಗುವುದಿಲ್ಲ, ಅದಕ್ಕೇ ಅವಳು ಎಲ್ಲದಕ್ಕೂ ಒಪ್ಪುತ್ತಾಳೆ. ಯಾರಾದರೂ "ಮೊದಲನೇ ವರ್ಷನ್‌ಗೆ ಇಷ್ಟು ಸಾಕು" ಎಂದರೆ ನಾನು ಅವರ ಮುಖ ನೋಡುವುದಿಲ್ಲ. ಅವರ ಕೈ ಎಲ್ಲಿದೆಯೆಂದು ನೋಡುತ್ತೇನೆ.